ಕಾಡುಕೋಳಿ ಕೂಗಿದ ಅಂಗಡಿ

ಗಿರಾಕಿ ಒಳಗೆ ಬಂದರೂ ತಲೆ ಎತ್ತದ ಅಂಗಡಿಯವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಆದರೆ ತಲೆ ಎತ್ತದಿದ್ದರೂ ನಮಗೆ ಬೇಸರವಾಗದಂಥವರು ನಾನು ಕಂಡಂತೆ ಒಬ್ಬರೇ. ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಸಾಲಿನ ನಡುವೆ, ರೂಟ್ 17 ಹೆದ್ದಾರಿಯಿಂದ ಇಳಿದ ಕೂಡಲೇ ಸಿಗುವ ಒಂದು ಪುಟ್ಟ ಊರಿನಲ್ಲಿ ಅವರದು ಫ್ಲೈ ಫಿಶಿಂಗ್ ಅಂಗಡಿ. ಬಾಗಿಲಿಗೆ ಕಟ್ಟಿದ ಗಂಟೆ ಕಿಣಿಕಿಣಿ ಎಂದರೂ ಅವರ ಕಣ್ಣು ಎದುರಿನ ಪುಟ್ಟ ಇಕ್ಕಳಕ್ಕೆ ಸಿಕ್ಕಿಸಿದ ಕೊಕ್ಕೆಯ ಮೇಲೇ ಇರುತ್ತದೆ. ಕೋಳಿಗರಿಯನ್ನು ಅದಕ್ಕೆ ನಾಲ್ಕು ಸುತ್ತು ಸುತ್ತಿ, ರೇಷ್ಮೆದಾರ ಬಿಗಿದು, ಉಳಿದ ತುದಿಯನ್ನು ಕತ್ತರಿಸಿ, ಕೊನೆಗೊಮ್ಮೆ ಉಫ್ ಎಂದು ಊದಿ, ಆಮೇಲೆ ಕೇಳುತ್ತಾರೆ: ‘ನೀರು ನೋಡ್ಕೊಂಡು ಬಂದ್ರಾ?’ ಏನು ಬೇಕು ಎಂದು ಅವರು ಯಾರನ್ನಾದರೂ ಕೇಳಿದ್ದನ್ನು ನಾನು ಇದುವರೆಗೆ ಕಂಡಿಲ್ಲ.

ನಾನು ಕುಂದಾಪುರದ ಕಡೆಯವನು. ಗಾಳ ಹಾಕುವುದು ನಮಗೇನೂ ಹೊಸದಲ್ಲ. ಗಂಗೊಳ್ಳಿಯ ಅಳಿವೆಯಲ್ಲಿ ಕಲ್ಲುದಂಡೆಯ ಮೇಲೆ ಕೂತು, ಕೊಕ್ಕೆಗೆ ಸೀಗಡಿ ಚುಚ್ಚಿ, ತೂಕಕ್ಕೊಂದು ಸೀಸದ ಗುಂಡು ಕಟ್ಟಿ ಎಸೆದವರೇ ನಾವೆಲ್ಲ. ಗುಂಡಿನ ಭಾರಕ್ಕೆ ದಾರ ಹೋಗುತ್ತದೆ, ಸೀಗಡಿಯ ಆಸೆಗೆ ಮೀನು ಬರುತ್ತದೆ, ಸಂಜೆ ಸಾರಾಗುತ್ತದೆ. ಅಮೆರಿಕದ ಹೊಳೆಗಳಲ್ಲಿ ಸೊಂಟದ ತನಕ ನೀರಿನಲ್ಲಿ ನಿಂತು ಮೀನು ಹಿಡಿಯುವ ಈ ಆಟದಲ್ಲಿ ಎಲ್ಲವೂ ತಲೆಕೆಳಗು. ಕೊಕ್ಕೆಯ ಮೇಲೆ ತಿನ್ನುವ ವಸ್ತು ಎಂಬುದೇ ಇಲ್ಲ. ಗರಿ, ತುಪ್ಪಳ, ದಾರ ಇಷ್ಟರಲ್ಲೇ ಕಟ್ಟಿದ ಹುಳದ ವೇಷ. ಅದನ್ನೇ ಫ್ಲೈ ಎನ್ನುವುದು. ಉಸಿರು ಬಿಟ್ಟರೆ ಹಾರಿಹೋಗುವ ಈ ಫ್ಲೈಗೆ ತೂಕವಿಲ್ಲ, ತೂಕವಿರುವುದು ದಾರಕ್ಕೆ. ದಪ್ಪನೆಯ ಆ ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿ ಬೀಸಿ, ಅದರ ತುದಿಗೆ ಕಟ್ಟಿದ ಕೂದಲೆಳೆಯಂಥ ನೈಲಾನನ್ನೂ ಅದರ ತುದಿಯ ಫ್ಲೈಯನ್ನೂ ನೀರಿನ ಮೇಲೆ ಸದ್ದಾಗದಂತೆ ಇಳಿಸಬೇಕು. ಇಷ್ಟೆಲ್ಲ ಮಾಡಿದ ಮೇಲೆ ಚುಕ್ಕಿ ಚುಕ್ಕಿಯ ಟ್ರೌಟ್ ಮೀನೊಂದು ಮೋಸಹೋಗಿ ಬಂದರೆ ಅದನ್ನು ಒದ್ದೆ ಕೈಯಲ್ಲಿ ಹಿಡಿದು, ಕೊಕ್ಕೆ ಬಿಡಿಸಿ, ಹರಿವಿಗೆ ಮುಖಮಾಡಿಸಿ, ಸುಧಾರಿಸಿಕೊಂಡ ಮೇಲೆ ಬಿಟ್ಟುಬಿಡುವುದು.

ಕಡೆಯ ಈ ಭಾಗವನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ‘ಹಿಡ್ದ್ ಮೀನ್ ವಾಪಾಸ್ ನೀರಿಗ್ ಬಿಡ್ತ್ಯಾ? ಅಷ್ಟ್ ದೂರ ಹೋಯಿ ಹಿಡೂದ್ ಎಂತಕೆ ಮತ್ತೆ?’ ಎಂದಳು. ಲೀ ವುಲ್ಫ್ ಎಂಬ ದೊಡ್ಡ ಗಾಳಗಾರ 1930ರ ದಶಕದಲ್ಲೇ ಹಿಡಿದದ್ದನ್ನು ಬಿಡಿ ಎಂದು ಪ್ರಚಾರ ಮಾಡಿದ್ದ, ಅದರಿಂದಲೇ ಈ ಹೊಳೆಗಳಲ್ಲಿ ಇನ್ನೂ ಮೀನಿದೆ ಎಂದು ವಿವರಿಸಲು ಹೋದೆ. ಬಂಗುಡೆ ಬೆಲೆ ಏರಿದ ವಿಷಯಕ್ಕೆ ಅಮ್ಮ ಮಾತು ತಿರುಗಿಸಿದಳು.

ಅಂಗಡಿಯ ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ನುಸಿಗುಳಿಗೆ. ಗರಿ, ತುಪ್ಪಳ, ಚರ್ಮಗಳ ವ್ಯಾಪಾರ ಅಂದಮೇಲೆ ನುಸಿಯ ಭಯ ಇದ್ದದ್ದೇ. ಗೋಡೆಯ ತುಂಬ ಜಿಂಕೆಯ ಬಾಲ, ಮೊಲದ ಮುಖ, ನವಿಲುಗರಿ, ಬಾತುಕೋಳಿಯ ಪಕ್ಕೆಯ ಗರಿ ಪ್ಲಾಸ್ಟಿಕ್ ಚೀಲಗಳಲ್ಲಿ ತೂಗುತ್ತಿರುತ್ತವೆ. ನಡುವೆ ಎದೆಮಟ್ಟದ ಉದ್ದನೆಯ ಮರದ ಪೆಟ್ಟಿಗೆ, ಅದರಲ್ಲಿ ನೂರಾರು ಚೌಕಗಳು, ಚೌಕಕ್ಕೊಂದು ಜಾತಿಯ ಫ್ಲೈ. ಒಂದೊಂದಕ್ಕೆ ಮೂರು ಡಾಲರ್ ಆಸುಪಾಸು. ಹೆಂಡ್ರಿಕ್ಸನ್, ಕ್ವಿಲ್ ಗಾರ್ಡನ್, ಆಡಮ್ಸ್ ಎಂದು ಹೆಸರುಗಳನ್ನು ಓದುತ್ತ ಹೋದರೆ ಯಾವುದೋ ವಕೀಲರ ಸಂಘದ ಸದಸ್ಯರ ಪಟ್ಟಿ ಎನ್ನಬೇಕು. ಆಡಮ್ಸ್ ಎಂಬಾತ ನಿಜಕ್ಕೂ ಒಬ್ಬ ವಕೀಲನೇ. 1922ರಲ್ಲಿ ಮಿಷಿಗನ್‌ನಲ್ಲಿ ಲೆನ್ ಹ್ಯಾಲಡೆ ಎಂಬುವನು ಹೊಸ ಫ್ಲೈ ಕಟ್ಟಿಕೊಟ್ಟ. ಅದರಿಂದ ಮೊದಲು ಭರ್ಜರಿಯಾಗಿ ಮೀನು ಹಿಡಿದ ಗೆಳೆಯನ ಹೆಸರನ್ನೇ ಅದಕ್ಕೆ ಇಟ್ಟ. ಆ ವಕೀಲ ಗೆದ್ದ ಮೊಕದ್ದಮೆಗಳು ಯಾರಿಗೂ ನೆನಪಿಲ್ಲ, ಫ್ಲೈ ಮಾತ್ರ ಜಗತ್ತಿನ ಎಲ್ಲ ಅಂಗಡಿಗಳಲ್ಲೂ ಇದೆ.

ಗಲ್ಲಾಪೆಟ್ಟಿಗೆಯ ಹಿಂದೆ ಕರಿಹಲಗೆ. ಇವತ್ತು ಬೆಳಿಗ್ಗೆ ಕುಕ್ಸ್ ಫಾಲ್ಸ್‌ನ ಮಾಪಕದಲ್ಲಿ ಬೀವರ್‌ಕಿಲ್ ಹೊಳೆಯ ಹರಿವೆಷ್ಟು, ನೀರಿನ ಶಾಖವೆಷ್ಟು, ಯಾವ ಹುಳ ಏಳುತ್ತಿದೆ, ಎಷ್ಟು ಗಂಟೆಗೆ ಏಳಬಹುದು ಎಲ್ಲವೂ ಸೀಮೆಸುಣ್ಣದಲ್ಲಿ ಇರುತ್ತದೆ. ಈ ಊರಿನಲ್ಲಿ ಏಪ್ರಿಲ್ ಕೊನೆಯ ವಾರದ ಸುದ್ದಿಯೆಂದರೆ ಒಂದೇ: ಹೆಂಡ್ರಿಕ್ಸನ್ ಎದ್ದಿತೇ? ಆ ಫ್ಲೈಯ ಹೆಸರೇ ಅದು ನಕಲು ಮಾಡುವ ಹುಳಕ್ಕೂ. ವರ್ಷವಿಡೀ ಹೊಳೆಯ ತಳದ ಕಲ್ಲಿಗೆ ಅಂಟಿಕೊಂಡು ಬದುಕಿದ ಹುಳ ಒಂದು ಮಧ್ಯಾಹ್ನ ಎರಡು ಮೂರು ಗಂಟೆಯ ಹೊತ್ತಿಗೆ ಮೇಲೆ ಬಂದು, ನೀರಿನ ಮೇಲೆಯೇ ಪೊರೆ ಕಳಚಿ, ರೆಕ್ಕೆ ಒಣಗಿಸಿಕೊಂಡು ಹಾರುತ್ತದೆ. ರೆಕ್ಕೆ ಬಂದಮೇಲೆ ಅದಕ್ಕೆ ಉಣ್ಣಲು ಬಾಯಿಲ್ಲ. ಒಂದೆರಡು ದಿನದಲ್ಲಿ ಜೋಡಿಯಾಗಿ, ಮೊಟ್ಟೆಯಿಟ್ಟು ಮುಗಿಯುತ್ತದೆ. ರೆಕ್ಕೆ ಒಣಗುವ ಆ ಕೆಲವು ಕ್ಷಣಗಳಲ್ಲೇ ಟ್ರೌಟ್ ಅದನ್ನು ಹೀರಿಕೊಳ್ಳುವುದು. ಅಂಥ ದಿನ ಮಧ್ಯಾಹ್ನ ಒಂದು ಗಂಟೆಯ ಮೇಲೆ ಅಂಗಡಿಯಲ್ಲಿ ಯಜಮಾನರನ್ನು ಬಿಟ್ಟರೆ ನರಪಿಳ್ಳೆ ಇರುವುದಿಲ್ಲ. ಎರಡಾದರೆ ಯಜಮಾನರೂ ಇರುವುದಿಲ್ಲ. ಬಾಗಿಲಿಗೆ ಬೀಗ, ಬೀಗಕ್ಕೊಂದು ಚೀಟಿ. ಚೀಟಿಯಲ್ಲಿ ಬರೆದದ್ದು ‘ಸಕಾರಣ ರಜೆ’ ಎಂದು.

ಈ ಅಂಗಡಿಯಲ್ಲಿ ಎರಡು ಬಗೆಯ ಮಾಹಿತಿ ಸಿಗುತ್ತದೆ. ಹೇಗೆ ಎಂಬುದು ಒಂದು, ಎಲ್ಲಿ ಎಂಬುದು ಇನ್ನೊಂದು. ಹೇಗೆ ಹಿಡಿಯಬೇಕು, ಹೇಗೆ ಕಟ್ಟಬೇಕು, ಗಂಟು ಹೇಗೆ, ಬೀಸು ಹೇಗೆ ಎಂದು ಕೇಳಿ. ಅಪರಿಚಿತನಿಗೂ ಅರ್ಧ ದಿನ ಕೂತು ಹೇಳಿಕೊಡುತ್ತಾರೆ, ಒಂದು ಡಾಲರಿನ ಸಾಮಾನು ಕೊಳ್ಳದಿದ್ದರೂ ಮುಖ ಗಂಟಿಕ್ಕುವುದಿಲ್ಲ. ಎಲ್ಲಿ ಎಂದು ಮಾತ್ರ ಕೇಳಬಾರದು. ಕೇಳಿದರೆ ಯಜಮಾನರು ಬಹಳ ಸೌಜನ್ಯದಿಂದ ‘ಜಂಕ್ಷನ್ ಪೂಲ್ ಚೆನ್ನಾಗಿದೆ’ ಎನ್ನುತ್ತಾರೆ. ರಾಸ್ಕೋ ಊರಿನಲ್ಲಿ ವಿಲ್ಲೋವೀಮಾಕ್ ಹೊಳೆ ಬೀವರ್‌ಕಿಲ್ಲನ್ನು ಸೇರುವ ಆ ಮಡು ಎಷ್ಟು ಪ್ರಸಿದ್ಧವೆಂದರೆ, ಯಾವ ಹೊಳೆಗೆ ಹತ್ತುವುದೆಂದು ತೀರ್ಮಾನಿಸಲಾರದೆ ಅಲ್ಲೇ ಉಳಿದ ಎರಡು ತಲೆಯ ಟ್ರೌಟ್ ಒಂದರ ಕಥೆ ಅಲ್ಲಿ ಹುಟ್ಟಿಕೊಂಡಿದೆ. ಋತು ಶುರುವಾಗುವ ದಿನ ಅಲ್ಲಿ ಮೀನಿಗಿಂತ ಜನ ಹೆಚ್ಚು. ಅಂದರೆ ‘ಜಂಕ್ಷನ್ ಪೂಲ್’ ಎಂಬ ಉತ್ತರದ ಅರ್ಥ, ಇನ್ನೂ ನಿಮ್ಮ ಪರಿಚಯ ಸಾಲದು ಎಂದು.

ಗುಟ್ಟು ಕಾಪಾಡುವ ಈ ಗುಣ ಆ ಊರುಗಳ ಮಣ್ಣಿನಲ್ಲೇ ಇದೆ. ನೀರಿನ ಮೇಲೆ ತೇಲುವ ಅಮೆರಿಕದ ಒಣಫ್ಲೈಗೆ ಮೂಲಪುರುಷ ಎಂದು ಇಲ್ಲಿನವರು ಹೇಳುವ ಥಿಯೋಡೋರ್ ಗಾರ್ಡನ್ (1854-1915) ಪುಪ್ಪುಸದ ಕಾಯಿಲೆಯ, ಒಂಟಿ ಸ್ವಭಾವದ ಮನುಷ್ಯ. 1890ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಹಾಲ್ಫರ್ಡ್‌ಗೆ ಕಾಗದ ಬರೆದು ಅಲ್ಲಿನ ಫ್ಲೈಗಳನ್ನು ತರಿಸಿಕೊಂಡ. ಅವು ಇಂಗ್ಲೆಂಡಿನ ಹುಳಗಳ ನಕಲು. ಇಲ್ಲಿನ ಹೊಳೆಯ ರಭಸಕ್ಕೂ ಹುಳಗಳಿಗೂ ಹೊಂದಲಿಲ್ಲ. ಆದ್ದರಿಂದ ತಾನೇ ಬೇರೆ ರೀತಿ ಕಟ್ಟಿದ. ಆ ವಿದ್ಯೆಯನ್ನು ಅವನು ಮನಬಿಚ್ಚಿ ಹೇಳಿಕೊಟ್ಟದ್ದು ಲಿಬರ್ಟಿ ಊರಿನ ಅಂಚೆ ಕಚೇರಿಯಲ್ಲಿದ್ದ ರಾಯ್ ಸ್ಟೀನ್‌ರಾಡ್‌ಗೆ ಮಾತ್ರ ಎಂದು ಹೇಳುತ್ತಾರೆ. ಸ್ಟೀನ್‌ರಾಡ್ 1916ರಲ್ಲಿ ಹೊಸದೊಂದು ಫ್ಲೈ ಕಟ್ಟಿ ಅದಕ್ಕೆ ಗೆಳೆಯ ಹೆಂಡ್ರಿಕ್ಸನ್‌ನ ಹೆಸರಿಟ್ಟ. ಅದರ ಮೈಗೆ ಬೇಕಾದ ನಸುಗೆಂಪು ತುಪ್ಪಳ ಹೆಣ್ಣುನರಿಯ ಹೊಟ್ಟೆಯದ್ದೇ ಆಗಬೇಕು, ಅದೂ ಮೂತ್ರ ತಾಗಿ ಬಣ್ಣ ತಿರುಗಿದ್ದು ಶ್ರೇಷ್ಠ ಎಂಬುದು ಹಳಬರ ಶಾಸ್ತ್ರ. ಯಜಮಾನರು ಅಂಥ ಒಂದು ತುಂಡು ಚರ್ಮವನ್ನು ಡ್ರಾಯರಿನಲ್ಲಿಟ್ಟಿದ್ದಾರೆ. ಹೊಸಬರಿಗೆ ಮೊದಲು ಮೂಸಲು ಕೊಡುತ್ತಾರೆ, ಆಮೇಲೆ ವಿವರ ಹೇಳುತ್ತಾರೆ.

ಸ್ಟೀನ್‌ರಾಡ್ ಗುರುವಿನಂತಲ್ಲ. ಮುಂದೆ ಬೇಟೆ ಮತ್ತು ಮೀನಿನ ಕಾನೂನು ಕಾಯುವ ಸರ್ಕಾರಿ ಕೆಲಸಕ್ಕೆ ಸೇರಿ, ಸಿಕ್ಕ ಹುಡುಗರಿಗೆಲ್ಲ ಫ್ಲೈ ಕಟ್ಟುವುದನ್ನು ಕಲಿಸಿದ. ಆದರೂ 1920ರ ದಶಕದಲ್ಲಿ ರಾಸ್ಕೋದ ವಾಲ್ಟ್ ಡೆಟ್ ಮತ್ತು ವಿನ್ನಿ ಡೆಟ್ ದಂಪತಿಗೆ ಕಲಿಯಬೇಕೆನಿಸಿದಾಗ ಕೈಗೆ ಸಿಕ್ಕಿದ್ದು ರೂಬ್ ಕ್ರಾಸ್ ಎಂಬ ಆಜಾನುಬಾಹು. ದುಡ್ಡು ಕೊಡುತ್ತೇವೆ ಎಂದರೂ ಅವನು ಹೇಳಿಕೊಡಲಿಲ್ಲ. ಇವರು ಅವನ ಫ್ಲೈಗಳನ್ನೇ ಕೊಂಡುತಂದರು. ಒಬ್ಬರು ಒಂದೊಂದೇ ಸುತ್ತು ಬಿಚ್ಚುವುದು, ಎಷ್ಟು ಸುತ್ತು, ಯಾವ ದಿಕ್ಕಿಗೆ, ಯಾವುದರ ಮೇಲೆ ಯಾವುದು ಎಂದು ಗುರುತು ಹಾಕಿಕೊಳ್ಳುವುದು, ಮತ್ತೆ ಹಾಗೆಯೇ ಕಟ್ಟುವುದು. 1928ರಲ್ಲಿ ಅವರದೇ ವ್ಯಾಪಾರ ಶುರುವಾಯಿತು. ಮಗಳು ಮೇರಿ ತನ್ನ ಮುಪ್ಪಿನವರೆಗೂ ಅದನ್ನು ನಡೆಸಿದರು. ಲಿವಿಂಗ್‌ಸ್ಟನ್ ಮ್ಯಾನರ್‌ನಲ್ಲಿ ಡೆಟ್ ಹೆಸರಿನ ಅಂಗಡಿ ಇವತ್ತಿಗೂ ಅದೇ ಮನೆತನದವರ ಕೈಯಲ್ಲಿದೆ. ನನ್ನ ಯಜಮಾನರಿಗೆ ಅದು ವ್ಯಾಪಾರದಲ್ಲಿ ಎದುರಾಳಿ. ಆದರೆ ತಮ್ಮಲ್ಲಿಲ್ಲದ ಸಾಮಾನನ್ನು ಯಾರಾದರೂ ಕೇಳಿದರೆ ಅವರು ಮೊದಲು ಕೈತೋರಿಸುವುದು ಅತ್ತ ಕಡೆಗೇ.

ಬಿಚ್ಚಿ ಕಲಿತ ಆ ದಂಪತಿಯ ಕಥೆ ನನಗೆ ಬಹಳ ಇಷ್ಟ. ಹೇಳಿಕೊಡದವನ ಮೇಲೆ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಸಭ್ಯವಾದ ದಾರಿ ಇದೆಯೇ? ಇವತ್ತು ಈ ಅಂಗಡಿಗಳಲ್ಲಿ ‘ಹೇಗೆ’ ಎಂಬುದು ಪುಕ್ಕಟೆಯಾಗಿರುವುದಕ್ಕೆ ಆ ಹಳೆಯ ಜಿಪುಣತನವೇ ಕಾರಣ ಎಂಬುದು ನನ್ನ ಲೆಕ್ಕ. ಬಚ್ಚಿಟ್ಟದ್ದು ಹೇಗೂ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೆ ಹಂಚಿ ಹೆಸರು ಪಡೆಯುವುದೇ ಲಾಭ.

ಚಳಿಗಾಲದ ಶನಿವಾರ ಅಂಗಡಿಯ ಹಿಂಭಾಗದಲ್ಲಿ ಉದ್ದನೆಯ ಮೇಜು ಬೀಳುತ್ತದೆ. ಹೊಳೆಯ ಅಂಚುಗಳಲ್ಲಿ ಮಂಜುಗಡ್ಡೆ ಕಟ್ಟಿರುತ್ತದೆ, ಮೀನಿಗೆ ಹೋಗುವಂತಿಲ್ಲ, ಮನೆಯಲ್ಲಿ ಕೂತರೆ ಹೆಂಡತಿಗೆ ತಲೆನೋವು. ಶಾಲಾ ಬಸ್ಸು ಓಡಿಸಿ ನಿವೃತ್ತರಾದವರೊಬ್ಬರು, ನ್ಯೂಯಾರ್ಕ್ ನಗರದಿಂದ ಬರುವ ವಕೀಲರೊಬ್ಬರು, ಹೈಸ್ಕೂಲಿನ ಹುಡುಗನೊಬ್ಬ, ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲೇ ಬರುವ ನರ್ಸಮ್ಮ. ಎಲ್ಲರೂ ಎದುರಿಗೊಂದು ಇಕ್ಕಳ ಹೂಡಿಕೊಂಡು ಕೂರುತ್ತಾರೆ. ಕಟ್ಟುವುದರಲ್ಲಿ ನರ್ಸಮ್ಮನನ್ನು ಮೀರಿಸಿದವರಿಲ್ಲ. ಒಮ್ಮೆ ಅವರ ಪಕ್ಕದಲ್ಲಿ ಕೂತು ನೋಡಿದೆ. ಹದಿನಾಲ್ಕನೇ ನಂಬರಿನ ಕೊಕ್ಕೆ ಎಂದರೆ ಕಿರುಬೆರಳ ಉಗುರಿಗಿಂತ ಸಣ್ಣದು. ಅದರ ಹಿಂತುದಿಗೆ ನಾಲ್ಕಾರು ಬಿಗಿ ಗರಿನಾರು ಬಾಲವಾಗಿ ನಿಂತಿತು. ತುಪ್ಪಳವನ್ನು ದಾರಕ್ಕೆ ಹೊಸೆದು ಮೈ ಸುತ್ತಿದರು. ಬಾತುಕೋಳಿಯ ಗರಿಯ ಚೂರನ್ನು ಎಬ್ಬಿಸಿ, ಎರಡಾಗಿ ಸೀಳಿ ರೆಕ್ಕೆ ನಿಲ್ಲಿಸಿದರು. ಕಡೆಗೆ ಹುಂಜದ ಕುತ್ತಿಗೆಯ ಗರಿಯನ್ನು ಅಡ್ಡಲಾಗಿ ಸುತ್ತಿದರೆ ನಾರುಗಳೆಲ್ಲ ಚಕ್ರದಂತೆ ಅರಳಿದವು. ಹುಳ ನೀರಿನ ಮೇಲೆ ನಿಲ್ಲುವುದು ಈ ಕಾಲುಗಳ ಮೇಲೆ. ನನ್ನ ಕಣ್ಣಿಗೆ ಅದು ದೋಷವೇ ಇಲ್ಲದ ಕೆಲಸ. ಅವರು ಬೆಳಕಿಗೆ ಹಿಡಿದು ನೋಡಿ, ‘ಒಂದು ಸುತ್ತು ಜಾಸ್ತಿಯಾಯ್ತು’ ಎಂದವರೇ ರೇಜರ್ ಬ್ಲೇಡಿನಿಂದ ಸರ್ರನೆ ಎಲ್ಲ ಕೆರೆದು, ಬರಿಯ ಕೊಕ್ಕೆಯನ್ನು ಮತ್ತೆ ಇಕ್ಕಳಕ್ಕೆ ಸಿಕ್ಕಿಸಿದರು. ಪಕ್ಕದ ಹುಡುಗ ತನ್ನ ಫ್ಲೈಯನ್ನು ಮೆಲ್ಲಗೆ ಅಂಗೈಯಲ್ಲಿ ಮುಚ್ಚಿಕೊಂಡ.

ಈ ಹುಂಜದ ಗರಿಗೂ ಒಂದು ಪುರಾಣವಿದೆ. ಈಗಂತೂ ಗರಿಗೆಂದೇ ತಳಿ ತೆಗೆದ ಕೋಳಿಗಳ ಫಾರಂಗಳಿವೆ. 2011ರಲ್ಲಿ ಅಮೆರಿಕದ ಹುಡುಗಿಯರಿಗೆ ಇದ್ದಕ್ಕಿದ್ದಂತೆ ಉದ್ದನೆಯ ಕೋಳಿಗರಿಯನ್ನು ಕೂದಲಿಗೆ ಪೋಣಿಸಿಕೊಳ್ಳುವ ಷೋಕಿ ಹತ್ತಿತು. ಬ್ಯೂಟಿ ಪಾರ್ಲರಿನವರು ಮೀನಿನ ಅಂಗಡಿಗಳಿಗೆ ಫೋನಾಯಿಸಿ ಇದ್ದಬದ್ದ ಗರಿಯನ್ನೆಲ್ಲ ಗುಡಿಸಿಕೊಂಡು ಹೋದರು, ಬೆಲೆ ಆಕಾಶಕ್ಕೇರಿತು. ನಮ್ಮ ಯಜಮಾನರು ಮಾತ್ರ ಒಂದು ಗರಿಯನ್ನೂ ಮಾರಲಿಲ್ಲವಂತೆ. ‘ಅವರಿಗೆ ಯಾವ ಗರಿ ಯಾವ ಹುಳಕ್ಕೆ ಅಂತ ಗೊತ್ತಿರಲಿಲ್ಲ’ ಎಂಬುದು ಅವರು ಕೊಡುವ ಕಾರಣ. ಆ ವರ್ಷ ಮಾರಿದ್ದರೆ ಅಂಗಡಿಯ ಮಾಡು ರಿಪೇರಿಯಾಗುತ್ತಿತ್ತು ಎಂದು ಅವರ ಹೆಂಡತಿ ಈಗಲೂ ಹೇಳುತ್ತಾರೆ. ಮಳೆ ಬಂದಾಗ ಅಂಗಡಿಯೊಳಗೆ ಇಡುವ ಬಕೆಟ್ಟನ್ನು ನೋಡಿದರೆ ಆಕೆಯ ಮಾತಿನಲ್ಲೂ ಹುರುಳಿದೆ ಎನಿಸುತ್ತದೆ.

ನನಗೆ ‘ಜಂಕ್ಷನ್ ಪೂಲ್’ ದರ್ಜೆಯಿಂದ ಬಡ್ತಿ ಸಿಕ್ಕಿದ್ದು ಗರಿಯಿಂದಲೇ. ಗಾಜಿನ ಕಪಾಟಿನಲ್ಲಿ, ಬೀಗದ ಹಿಂದೆ, ಅಂಚೆಚೀಟಿಯ ಅಳತೆಯ ಪುಟ್ಟ ಪೊಟ್ಟಣಗಳಲ್ಲಿ ಜೋಡಿ ಜೋಡಿಯಾಗಿ ಕೆಲವು ಗರಿಗಳಿದ್ದವು. ಕಪ್ಪು ಬೂದಿ ಮೈ, ತುದಿಯಲ್ಲಿ ಅರಗು ಬಿದ್ದು ಗಟ್ಟಿಯಾದಂಥ ಹೊಳಪಿನ ಹಳದಿ ಬಿಳಿ ಮಚ್ಚೆ. ಚೀಟಿಯಲ್ಲಿ ಜಂಗಲ್ ಕಾಕ್ ಎಂದಿತ್ತು, ಬೆಲೆ ನೋಡಿದರೆ ಎದೆ ಝಲ್ಲೆನ್ನಬೇಕು. ಬಗ್ಗಿ ನೋಡಿದೆ. ಇದು ನಮ್ಮ ಕಾಡುಕೋಳಿ! ಕೊಲ್ಲೂರು ಘಾಟಿಯ ರಸ್ತೆಬದಿಯಲ್ಲಿ ಬೆಳಗಿನ ಜಾವ ಕೆರೆದು ತಿನ್ನುತ್ತಿದ್ದು, ಬಸ್ಸಿನ ಸದ್ದಿಗೆ ಪೊದೆಗೆ ನುಗ್ಗುವ ಬೂದುಬಣ್ಣದ ಕಾಡುಹುಂಜ. ಅದರ ಕುತ್ತಿಗೆಯ ಗರಿ ಇದು.

ಯಜಮಾನರು ಕಥೆ ಹೇಳಿದರು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಸಾಲ್ಮನ್ ಮೀನಿನ ಫ್ಲೈಗಳಿಗೆ ಲೋಕದ ಎಲ್ಲ ಪಕ್ಷಿಗಳ ಗರಿಯೂ ಬೇಕಿತ್ತು. ಅದರಲ್ಲೂ ಈ ಮಚ್ಚೆಯ ಗರಿ ಫ್ಲೈಯ ಕಣ್ಣಿಗೆ. ಹಾಗಾಗಿ ದಕ್ಷಿಣ ಭಾರತದ ಕಾಡುಕೋಳಿಗಳ ಕುತ್ತಿಗೆಯ ಚರ್ಮಗಳು ಹಡಗು ಹತ್ತುತ್ತಿದ್ದವು. 1960ರ ದಶಕದ ಕೊನೆಯ ಹೊತ್ತಿಗೆ ಭಾರತ ರಫ್ತು ನಿಲ್ಲಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಕಾಡಿನಲ್ಲಿ ಹಿಡಿಯುವ ಮಾತೇ ಇಲ್ಲ. ಈಗ ಮಾರುವುದೆಲ್ಲ ಬ್ರಿಟನ್ ಮುಂತಾದ ಕಡೆ ಗೂಡಿನಲ್ಲಿ ಸಾಕಿದ ಹಕ್ಕಿಗಳದ್ದು, ಅದಕ್ಕೇ ಆ ಬೆಲೆ. ಗರಿಯ ಹುಚ್ಚು ಮನುಷ್ಯನನ್ನು ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ ಅವರು ಇನ್ನೊಂದು ಕಥೆಯನ್ನೂ ಸೇರಿಸಿದರು. 2009ರಲ್ಲಿ ಇಂಗ್ಲೆಂಡಿನ ಟ್ರಿಂಗ್‌ನಲ್ಲಿರುವ ನಿಸರ್ಗ ಇತಿಹಾಸ ಮ್ಯೂಸಿಯಮ್ಮಿನ ಕಿಟಕಿ ಒಡೆದು ನುಗ್ಗಿದ ಯುವಕನೊಬ್ಬ 299 ಪಕ್ಷಿಗಳ ಚರ್ಮ ಕದ್ದ. ಸಂಗೀತ ಶಾಲೆಯಲ್ಲಿ ಕೊಳಲು ಕಲಿಯುತ್ತಿದ್ದ ಪ್ರತಿಭಾವಂತ, ಫ್ಲೈ ಕಟ್ಟುವುದರಲ್ಲೂ ನಿಸ್ಸೀಮ. ಆ ಗರಿಗಳ ಎಷ್ಟೋ ಭಾಗ ಬಿಡಿಬಿಡಿಯಾಗಿ ಗರಿಪ್ರಿಯರ ಕೈಸೇರಿತು. ತಮಾಷೆಯೆಂದರೆ ಅಂಥ ಅಲಂಕಾರದ ಫ್ಲೈ ಕಟ್ಟುವವರಲ್ಲಿ ಹಲವರು ಮೀನು ಹಿಡಿಯುವುದೇ ಇಲ್ಲ. ‘ಮೀನಿಗೆ ಟೂಕನ್ ಹಕ್ಕಿಯ ಗರಿಯೂ ಒಂದೇ, ಊರಕೋಳಿಯ ಗರಿಯೂ ಒಂದೇ. ವ್ಯತ್ಯಾಸ ಬೇಕಾದದ್ದು ಮನುಷ್ಯನಿಗೆ’ ಎಂದು ಯಜಮಾನರು ಕಪಾಟಿಗೆ ಬೀಗ ಹಾಕಿದರು.

ನಾನು ಮಾತಿನ ಮಧ್ಯೆ, ಈ ಹಕ್ಕಿ ನಮ್ಮೂರ ಕಾಡಿನದ್ದು, ಚಿಕ್ಕವನಾಗಿದ್ದಾಗ ಅಜ್ಜಿಮನೆಯಲ್ಲಿ ಬೆಳಿಗ್ಗೆ ಅದರ ಕೂಗಿಗೇ ಏಳುತ್ತಿದ್ದೆ ಎಂದೆ. ಮೇಜಿನ ಸುತ್ತ ಎಲ್ಲ ಇಕ್ಕಳಗಳೂ ಸ್ತಬ್ಧ. ಬಸ್ಸಿನ ಅಜ್ಜ ಕನ್ನಡಕ ತೆಗೆದರು. ಐವತ್ತು ವರ್ಷದಿಂದ ಆ ಗರಿ ಕಟ್ಟುತ್ತಿದ್ದವರು, ಆ ಹಕ್ಕಿ ಕೂಗುತ್ತದೆ ಎಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ. ‘ಹೇಗೆ ಕೂಗುತ್ತೆ?’ ಎಂದರು.

ನ್ಯೂಜೆರ್ಸಿಯಲ್ಲಿ ಕಂಪ್ಯೂಟರಿನ ಎದುರು ಸಂಬಳ ತೆಗೆದುಕೊಳ್ಳುವ, ಮಧ್ಯವಯಸ್ಸು ದಾಟಿದ ಮನುಷ್ಯ ಹತ್ತು ಜನರ ಎದುರು ಕಾಡುಕೋಳಿಯಂತೆ ಕೂಗಬೇಕೆಂದರೆ ಮಾನ ಮರ್ಯಾದೆಯ ಪ್ರಶ್ನೆ ಬರುತ್ತದೆ. ಆದರೆ ನರ್ಸಮ್ಮ ಕೂಡ ಬ್ಲೇಡು ಕೆಳಗಿಟ್ಟು ಕಾಯುತ್ತಿದ್ದರು. ಗಂಟಲು ಸರಿಮಾಡಿಕೊಂಡು ಕೂಗಿಯೇಬಿಟ್ಟೆ: ಕುಕ್… ಕಾಯಾ ಕಾಯಾ… ಕುಕ್. ಊರಕೋಳಿಯಂತೆ ಉದ್ದಕ್ಕೆ ಎಳೆಯುವುದಿಲ್ಲ, ಒಡೆದ ದನಿಯಲ್ಲಿ ಕತ್ತರಿಸಿ ಕತ್ತರಿಸಿ ಹೇಳುತ್ತದೆ, ಕೊನೆಯದು ಗಂಟಲಲ್ಲೇ ಉಳಿಯುತ್ತದೆ ಎಂದು ವಿವರಿಸಿದೆ. ಇನ್ನೊಮ್ಮೆ ಎಂದರು. ಇನ್ನೊಮ್ಮೆ ಕೂಗಿದೆ. ಆ ಹೊತ್ತಿಗೆ ಬಾಗಿಲು ತೆರೆದು ಒಳಗೆ ಬಂದ ಹೊಸ ಗಿರಾಕಿಯೊಬ್ಬ ಒಂದು ಕ್ಷಣ ನಿಂತು, ಬಂದ ಹಾಗೆಯೇ ಹೊರಟುಹೋದ. ಯಾರೂ ಅವನನ್ನು ಕರೆಯಲಿಲ್ಲ.

ಅಂದು ಹೊರಡುವಾಗ ಯಜಮಾನರು ರಸೀದಿಯ ಹಿಂಬದಿಗೆ ಪೆನ್ಸಿಲಿನಿಂದ ನಾಲ್ಕು ಗೆರೆ ಎಳೆದು ಕೊಟ್ಟರು. ಒಂದು ಗೆರೆ ರಸ್ತೆ, ಒಂದು ಹೊಳೆ, ಒಂದು ಕುಸಿದುಬಿದ್ದ ಕಣಜ, ಅದರ ಹಿಂದೆ ಒಂದು ಅಡ್ಡಗುರುತು. ಆ ಜಾಗ ಎಲ್ಲಿದೆಯೆಂದು ಇಲ್ಲಿ ಬರೆಯುವುದಿಲ್ಲ. ಬೇಕಾದವರಿಗೆ ಜಂಕ್ಷನ್ ಪೂಲ್ ಚೆನ್ನಾಗಿದೆ.

ಇಷ್ಟು ಹೊಗಳಿದೆ ಎಂದು ಈ ಲೋಕದಲ್ಲಿ ಎಲ್ಲವೂ ಸರಿ ಎಂದುಕೊಳ್ಳಬಾರದು. ಸಾವಿರ ಡಾಲರಿನ ರಾಡ್ ಹಿಡಿದು, ಬೆವರೇ ಸೋಕದ ಅಂಗಿ ತೊಟ್ಟು, ಇನ್ನೊಬ್ಬರ ಬೀಸನ್ನು ನೋಡಿ ತುಟಿ ಕೊಂಕಿಸುವ ಶ್ರೀಮಂತರು ಇಲ್ಲಿ ಧಾರಾಳ. ಎರೆಹುಳ ಕಟ್ಟಿ ಹಿಡಿಯುವ ಬಡವನನ್ನು ಕೀಳಾಗಿ ಕಾಣುವ ಚಾಳಿಯಂತೂ ಹಳೆಯದು. ಎರೆಹುಳದವರ ವಂಶದಲ್ಲೇ ಹುಟ್ಟಿದ ನನಗೆ ಅದು ಚುಚ್ಚುತ್ತದೆ. ನನ್ನಂಥ ಬಣ್ಣದವರು ಹೊಳೆಯಲ್ಲಿ ಕಾಣಸಿಗುವುದು ಇಂದಿಗೂ ಕಡಿಮೆ. ಅಂಥ ಜಂಬವನ್ನು ಇಳಿಸುವ ಜಾಗ ಕೂಡ ಈ ಅಂಗಡಿಯೇ. ದುಬಾರಿ ರಾಡಿನವನು ತನ್ನ ಪರಾಕ್ರಮ ಹೇಳಿಕೊಳ್ಳುತ್ತಿರುವಾಗ ಯಜಮಾನರು ಕೇಳುತ್ತಾರೆ, ‘ನೀರಿನ ಶಾಖ ಎಷ್ಟಿತ್ತು?’ ಅವನಿಗೆ ಗೊತ್ತಿರುವುದಿಲ್ಲ. ಮಾತು ಅಲ್ಲಿಗೆ ನಿಲ್ಲುತ್ತದೆ.

ಅದು ಬರಿಯ ಬಾಯಿಮುಚ್ಚಿಸುವ ಪ್ರಶ್ನೆಯಲ್ಲ. ಟ್ರೌಟ್ ತಣ್ಣೀರಿನ ಜೀವಿ. ನೀರು 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 20 ಸೆಲ್ಸಿಯಸ್ ಮುಟ್ಟಿದರೆ ಅದಕ್ಕೆ ಪ್ರಾಣವಾಯು ಸಾಲದು. ಆಗ ಹಿಡಿದು ಬಿಟ್ಟರೂ ಆಮೇಲೆ ಸಾಯಬಹುದು. ಜುಲೈ ತಿಂಗಳ ಬಿಸಿಲಿಗೆ ಬೀವರ್‌ಕಿಲ್ ಆ ಮಟ್ಟ ದಾಟುತ್ತದೆ. ಅಂಥ ದಿನ ಕರಿಹಲಗೆಯ ಮೇಲೆ ಒಂದೇ ಸಾಲು: ‘ಇವತ್ತು ಬೇಡ.’ ದೂರದಿಂದ ಕಾರು ಓಡಿಸಿಕೊಂಡು ಬಂದವರಿಗೆ ಸಾಮಾನು ಮಾರುವ ಬದಲು ವಾಪಸ್ ಕಳಿಸುತ್ತಾರೆ, ಇಲ್ಲವೇ ಡೆಲವೇರ್ ನದಿಯ ಕವಲುಗಳ ಕಡೆಗೆ ಕೈತೋರಿಸುತ್ತಾರೆ. ಅಲ್ಲಿ ನ್ಯೂಯಾರ್ಕ್ ನಗರಕ್ಕೆ ಕುಡಿಯುವ ನೀರಿಗೆಂದು ಕಟ್ಟಿದ ಪೆಪ್ಯಾಕ್ಟನ್, ಕ್ಯಾನನ್ಸ್‌ವಿಲ್ ಜಲಾಶಯಗಳ ತಳದಿಂದ ತಣ್ಣೀರು ಬಿಡುತ್ತಾರೆ, ಬೇಸಿಗೆಯಲ್ಲೂ ಮೀನಿಗೆ ಹಿತ. ಹಳ್ಳಿಗಳನ್ನು ಮುಳುಗಿಸಿದ ಅಣೆಕಟ್ಟು ಮೀನನ್ನು ಬದುಕಿಸಿತು. ಇನ್ನೊಂದು ಕಡೆ ಗಾರ್ಡನ್ ಓಡಾಡಿದ ಹೊಳೆದಂಡೆ ನೆವರ್‌ಸಿಂಕ್ ಜಲಾಶಯದಡಿ ಸೇರಿಹೋಯಿತು. ಇಲ್ಲಿ ಯಾವುದನ್ನೂ ಪೂರ್ತಿ ಬೈಯುವಂತಿಲ್ಲ, ಪೂರ್ತಿ ಹೊಗಳುವಂತೆಯೂ ಇಲ್ಲ.

ಹೊಳೆಯ ಪರ ನಿಲ್ಲುವ ಈ ಪಾಠ ಕೂಡ ಒಂದು ಅಂಗಡಿಯಿಂದಲೇ ಬಂದದ್ದು. ಹ್ಯಾರಿ ಡಾರ್ಬಿ ಮತ್ತು ಎಲ್ಸಿ ಡಾರ್ಬಿ ದಂಪತಿ ವಿಲ್ಲೋವೀಮಾಕ್ ದಂಡೆಯ ತಮ್ಮ ಮನೆಯಲ್ಲೇ ಫ್ಲೈ ಕಟ್ಟಿ ಮಾರುತ್ತಿದ್ದರು. ಬೂದು ಬಣ್ಣದ ಗರಿಗಾಗಿ ಹ್ಯಾರಿ ಕೋಳಿಗಳನ್ನೂ ಸಾಕುತ್ತಿದ್ದ. 1960ರ ದಶಕದಲ್ಲಿ ರೂಟ್ 17ನ್ನು ದೊಡ್ಡದು ಮಾಡುವಾಗ ಹೊಳೆಯ ಪಾತ್ರ ಕೆಡುತ್ತದೆ ಎಂದು ಎದ್ದುನಿಂತವರಲ್ಲಿ ಈ ಇಬ್ಬರೂ ಮುಂದಿದ್ದರು. ಅಂಗಡಿಗೆ ಬರುವ ಗಿರಾಕಿಗಳಲ್ಲಿ ಪತ್ರಕರ್ತರಿದ್ದರು, ವಕೀಲರಿದ್ದರು. ಫ್ಲೈ ಕಟ್ಟಿಕೊಡುತ್ತಲೇ ಅವರ ಕಿವಿಗೆ ಹಾಕಿದರು, ಕಾಗದ ಬರೆಸಿದರು. ರಸ್ತೆ ಆಗಿಯೇ ಆಯಿತು. ನ್ಯೂಜೆರ್ಸಿಯಿಂದ ಎರಡೂವರೆ ತಾಸಿನಲ್ಲಿ ನಾನು ಈ ಹೊಳೆಗೆ ಬಂದು ಮುಟ್ಟುವುದು ಅವರು ಬೇಡವೆಂದ ಆ ರಸ್ತೆಯ ಮೇಲೇ. ಈಗಲೂ ಹೊಳೆಗೆ ಏನಾದರೂ ಬಂತು ಎಂದರೆ, ಮೇಲಿನ ಹಳ್ಳದಲ್ಲಿ ಯಾರೋ ಜೆಸಿಬಿ ಇಳಿಸಿದರು, ಕಲ್ಲು ತೆಗೆದರು ಎಂದರೆ, ಮೊದಲ ಫೋನು ಬರುವುದು ಸರ್ಕಾರಿ ಕಚೇರಿಗಲ್ಲ, ಅಂಗಡಿಗೆ. ಯಜಮಾನರಿಗೆ ಯಾರಿಗೆ ಹೇಳಿದರೆ ಕೆಲಸವಾಗುತ್ತದೆಂದು ಗೊತ್ತಿದೆ. ಹೇಗೂ ಅವರೆಲ್ಲ ಅಲ್ಲೇ ಮೇಜಿನ ಸುತ್ತ ಕೂತಿರುತ್ತಾರೆ.

ಕಳೆದ ಬೇಸಿಗೆಯಲ್ಲಿ ಅಮ್ಮ ಬಂದಿದ್ದಳು. ಮಗ ವಾರ ವಾರ ಹೋಗಿ ದುಡ್ಡು ಸುರಿಯುವ ಜಾಗ ನೋಡಲೇಬೇಕೆಂದು ಹಟ. ಕರೆದುಕೊಂಡು ಹೋದೆ. ಯಜಮಾನರು ಅಂದು ಮಾತ್ರ ಗಂಟೆಯ ಸದ್ದಿಗೇ ಎದ್ದುನಿಂತರು, ಕುರ್ಚಿ ಹಾಕಿಸಿದರು. ಅಮ್ಮ ಗೋಡೆಯ ಮೇಲಿನ ಟ್ರೌಟಿನ ಚಿತ್ರ ನೋಡಿ, ‘ತಿಂಬುಕ್ ಆತ್ತಾ ಇದ್?’ ಎಂದು ಕೇಳಿದಳು. ಆಗುತ್ತದೆ ಎಂದೆ. ‘ಮತ್ತೆಂತಕ್ ಬಿಡೂದ್?’ ಪ್ರಶ್ನೆ ಬಂದಲ್ಲಿಗೇ ಬಂದು ನಿಂತಿತು. ಆಮೇಲೆ ಮರದ ಪೆಟ್ಟಿಗೆಯ ಚೌಕಗಳಲ್ಲಿ ಕಣ್ಣಾಡಿಸಿ, ಒಂದು ಹೆಂಡ್ರಿಕ್ಸನ್ನನ್ನು ಬೆರಳ ತುದಿಯಲ್ಲಿ ಎತ್ತಿಕೊಂಡು, ತಿರುಗಿಸಿ ತಿರುಗಿಸಿ ನೋಡಿದಳು. ಹೂ ಕಟ್ಟಿ ಪಳಗಿದ ಕೈ ಅದು. ‘ಗಂಟ್ ಒಳ್ಳೇದ್ ಹಾಕಿದ್ರ್’ ಎಂದು ಒಪ್ಪಿಗೆ ಕೊಟ್ಟಳು. ಬೆಲೆ ಕೇಳಿ ಮುಖ ಬದಲಾಯಿತು. ‘ಇಷ್ಟ್ ಸಣ್ಣ ವಸ್ತುಗೆ ಮೂರ್ ಡಾಲರಾ? ಕಡ್ಮಿ ಮಾಡುಕ್ ಹೇಳ್.’

ಏನಂತಾರೆ ಎಂದು ಯಜಮಾನರು ಕೇಳಿದರು. ಕೆಲಸ ಚೆನ್ನಾಗಿದೆ ಅಂತಿದ್ದಾರೆ ಎಂದೆ. ಅವರು ನಕ್ಕು ಆ ಫ್ಲೈಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ, ಪುಟ್ಟ ಡಬ್ಬಿಯಲ್ಲಿಟ್ಟು ಕಾಣಿಕೆಯೆಂದು ಅಮ್ಮನ ಕೈಗಿತ್ತರು. ನನಗೆ ಈ ತನಕ ಒಂದು ಸೆಂಟು ಬಿಡದ ಮನುಷ್ಯ! ಆಮೇಲೆ ಕಪಾಟಿನ ಬೀಗ ತೆಗೆದು ಕಾಡುಕೋಳಿಯ ಗರಿ ತೋರಿಸಿ, ನಿಮ್ಮ ಮಗ ಇದರ ಹಾಗೆ ಕೂಗುತ್ತಾನೆ ಗೊತ್ತೇ ಎಂದು ತಾವೇ ಕೂಗಿ ತೋರಿಸಿದರು. ಬಸ್ಸಿನ ಅಜ್ಜನೂ ದನಿಗೂಡಿಸಿದರು.

ಅಮ್ಮ ಒಮ್ಮೆ ಅವರನ್ನು ನೋಡಿದಳು, ಒಮ್ಮೆ ನನ್ನನ್ನು. ‘ಹೀಂಗ್ ಹೇಳ್ಕೊಟ್ಟದ್ ನೀನಾ? ಇದ್ ಕಾಡ್ಕೋಳಿ ಅಲ್ಲ ಮಾರಾಯ, ಗಂಟ್ಲ್ ಕಟ್ಟಿದ್ ಊರ್ಕೋಳಿ’ ಎಂದವಳೇ ಸೆರಗು ಸರಿಮಾಡಿಕೊಂಡು ಒಂದೇ ಒಂದು ಸಲ ಕೂಗಿದಳು. ಅಂದಿನಿಂದ ಅಂಗಡಿಯಲ್ಲಿ ನನ್ನ ಕೂಗಿಗೆ ಬೆಲೆಯಿಲ್ಲ. ಗಂಟೆ ಕಿಣಿಗುಟ್ಟಿದರೆ ಯಜಮಾನರು ಗರಿಯ ಮೇಲಿನ ಕಣ್ಣು ತೆಗೆಯದೆಯೇ, ಅಮ್ಮ ಮತ್ತೆ ಯಾವಾಗ ಬರ್ತಾರೆ ಎಂದು ಕೇಳುತ್ತಾರೆ.